ಬ್ಯಾಟರಿಯೊಳಗಿನ ಕುಂಕುಮ

೧೯೩೮ರ ನವರಾತ್ರಿಯಲ್ಲಿ ಯುರೋಪಿನಲ್ಲಿ ಯುದ್ಧವಾಗುವುದೋ ಇಲ್ಲವೋ ಎಂದು ಜಗತ್ತು ಚಿಂತಿಸುತ್ತಿತ್ತಂತೆ. ಮುಂಡಗೋಡದ ಆಚೆ ಕಾಡಂಚಿನ ಒಂದು ಊರಿಗೆ ಅದಕ್ಕಿಂತ ಭಾರವಾದ ಪ್ರಶ್ನೆ ಬಂದಿತ್ತು: ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ರಂಟೆಗಳ ಸಾಲಿನಲ್ಲಿ ಬ್ಯಾಟರಿಯನ್ನೂ ಇಡಬಹುದೇ?

ಊರಿಗೆಲ್ಲ ಇದ್ದದ್ದು ಒಂದೇ ಬ್ಯಾಟರಿ, ಈಶಪ್ಪನದು. ಹಿತ್ತಾಳೆಯ ಕೊಳವೆ, ಒಳಗೆ ಮೂರು ಸೆಲ್ಲು, ಮುಂದೆ ದಪ್ಪ ಗಾಜು. ಮಾರುವಾಗ ಮುಂಡಗೋಡದ ಅಂಗಡಿಕಾರ ಸುಭಾನಿ ಎಚ್ಚರಿಸಿದ್ದ: "ಕೆಲಸ ಇಲ್ಲದಾಗ ಸೆಲ್ ಹೊರಗ ತಗದಿಡಪಾ. ಎರಡೂ ತುದಿ ಒಣ ಅರಿವಿಲೆ ಸಾಫ್ ಇಡು."

ಈಶಪ್ಪ ಅದನ್ನು ವ್ರತದಂತೆ ನಡೆಸಿದ. ಸಂತೆಯ ದಿನ ಮನೆಮುಂದಿನ ಕಟ್ಟೆಯ ಮೇಲೆ, ನಾಲ್ಕು ಜನ ನೋಡುವಂತೆ, ಬ್ಯಾಟರಿ ಬಿಚ್ಚಿ ಕೂಡುವನು. ಗಾಜಿಗೆ ಬಾಯಿಂದ ಹಾ ಎಂದು ಉಸಿರುಬಿಟ್ಟು ತಿಕ್ಕುವನು. ಸೆಲ್ಲುಗಳನ್ನು ಹೆಂಡತಿ ಕಾಶೆವ್ವನ ಹಪ್ಪಳದ ಅರಿವೆಯ ಮೇಲೆಯೇ ಬಿಸಿಲಿಗೆ ಮಲಗಿಸುವನು.

"ಹಪ್ಪಳದ ಗತೆ ಇವನ್ನೂ ಹೊಳ್ಳಿಸಿ ಹಾಕ್ಲೇನ್ರೀ?" ಎಂದು ಅವಳು ಕೇಳುವಳು.

"ನೀ ಮುಟ್ಟಬ್ಯಾಡ. ಹಿತ್ತಾಳಿ ಕಂಡ್ರ ಹುಣಸಿಹಣ್ಣು ಹಚ್ಚಾಕಿ ನೀ."

ಆಗ ಭತ್ತ ಹಾಲುಗಟ್ಟಿತ್ತು. ಕಾಡುಹಂದಿ ಇಳಿಯುವ ಕಾಲ. ಊರಗದ್ದೆಗಳ ಕಾವಲಿಗೆ ಒಬ್ಬನನ್ನು ಹಿರಿಯರು ದಸರೆಯ ಸಂಜೆ ಆರಿಸುತ್ತಿದ್ದರು. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಭತ್ತ ಅವನ ಪಾಲು. ಹಿಂದಿನ ವರ್ಷದ ಕಾವಲುಗಾರ ಕಂದೀಲಿನ ಚನಬಸಪ್ಪ. ಅವನು ನಿದ್ದೆಹೋದಾಗ ಹಂದಿಗಳು ಅವನ ಕಂದೀಲಿನ ಬೆಳಕಿನಲ್ಲಿಯೇ ಈಶಪ್ಪನ ಗದ್ದೆಯನ್ನು ಉಂಡು ಹೋಗಿದ್ದವು. ಈ ಸಲ ಕಾವಲು ಸಿಕ್ಕರೆ ಮಾತ್ರ ಈಶಪ್ಪನ ಕಣಜಕ್ಕೆ ಕಾಳು. "ಕೆರಿ ಈ ದಂಡಿಗೆ ನಿಂತು ಆ ದಂಡಿ ಹುಣಸಿಗಿಡಕ್ಕ ಬೆಳಕ ಮುಟ್ಟಸು, ಕಾವಲಿ ನಿಂದು," ಎಂದಿದ್ದರು ಗೌಡರು.

ಇಂಥ ಪರೀಕ್ಷೆಗೆ ಹೋಗುವ ಬ್ಯಾಟರಿಯನ್ನು ಪೂಜೆಯಿಲ್ಲದೆ ಕಳಿಸಲಾದೀತೇ? ಊರ ಅಯ್ಯನವರು ಅದನ್ನು ತಿರುಗಿಸಿ ನೋಡಿ, "ಹಿತ್ತಾಳಿ ಐತಿ, ನಡೀತೈತಿ," ಎಂದು ತೀರ್ಪು ಕೊಟ್ಟರು. ಈಶಪ್ಪ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದ. ಹೊರಗಷ್ಟೇ ಹಚ್ಚಿದರೆ ಒಳಗಿದ್ದವರು ಮುನಿದಾರೆಂದು ಪ್ರತಿ ಸೆಲ್ಲಿನ ತಲೆಗೆ ಕಲಸಿದ ಕುಂಕುಮ, ಬುಡಕ್ಕೆ ವಿಭೂತಿ ಹಚ್ಚಿದ. ಮರುದಿನ, ದಸರೆಯ ಸಂಜೆ, ಅವನ್ನು ಹಾಗೆಯೇ ಒಳಗಿಳಿಸಿ ಮುಚ್ಚಳ ಬಿಗಿದ.

ಬನ್ನಿ ಹಂಚಿಕೊಂಡ ಊರೆಲ್ಲ ಕೆರೆಯ ದಂಡೆಗೆ ಬಂದಿತ್ತು. ಮಬ್ಬಾಯಿತು. ಈಶಪ್ಪ ಕಾಲು ಅಗಲಿಸಿ ನಿಂತು ಗುಂಡಿ ಒತ್ತಿದ. ಕತ್ತಲೆಗೆ ಏನೂ ಆಗಲಿಲ್ಲ.

"ಭಾಳ ದೂರ ಹೋತ ನೋಡ್ರಿ ಬೆಳಕ," ಎಂದ ಚನಬಸಪ್ಪ, "ಕಣ್ಣಿಗೇ ಕಾಣವಲ್ದು!"

ಬಿಚ್ಚಿ ನೋಡಿದರೆ ಕಾರಣ ಎಲ್ಲರಿಗೂ ಕಂಡಿತು. ಕುಂಕುಮ ಸೆಲ್ಲಿನ ತಲೆಯ ಮೇಲೆ ಹಕ್ಕಳೆಗಟ್ಟಿ ಕೂತಿತ್ತು.

"ಒರಸೋ ಅದನ್ನ," ಎಂದರು ಗೌಡರು.

"ಪೂಜಿ ಕುಂಕುಮ ಒರಸೂದ್ರೀ?" ಎಂದ ಈಶಪ್ಪ, " ದಸರಿ ದಿನಾ? ಹಂಗಾದ್ರ ನೀವ ಒರಸ್ರಿ."

ಗೌಡರು ಚಾಚಿದ್ದ ಕೈಯನ್ನು ಮೀಸೆಯ ಕಡೆಗೆ ಒಯ್ದರು. ಕುಡಗೋಲಿನ ಕುಂಕುಮ ಹುಲ್ಲು ಕೊಯ್ದಂತೆ ಹೋಗುತ್ತದೆ, ರಂಟೆಯದು ಮಣ್ಣಿಗೆ ಹೋಗುತ್ತದೆ. ಒರೆಸಿದವರು ಯಾರೂ ಇಲ್ಲ. ಕೊಳವೆಯೊಳಗಿನದು ತಾನಾಗಿ ಎಲ್ಲಿಗೆ ಹೋಗಬೇಕು?

"ಅದು ಹೋಗೂತನಕ ನನ್ನ ಕಂದೀಲ ಐತೆಲ್ಲ," ಎಂದ ಚನಬಸಪ್ಪ.

ಹೆಂಗಸರ ಗುಂಪಿನಿಂದ ಕಾಶೆವ್ವ ಬಂದು ಗಂಡನ ಕೈಯಿಂದ ಸೆಲ್ಲು ತೆಗೆದುಕೊಂಡಳು. "ಒರಸೂದ್ಯಾಕ? ಪೂಜಿ ಕುಂಕುಮ ಇರೂದು ಹಚಿಗೊಳ್ಳಾಕಲ್ಲೇನು?"

ಉಗುರಿನಿಂದ ಕೆರೆದು ಮೊದಲನೆಯದನ್ನು ತನ್ನ ಹಣೆಗೆ ಹಚ್ಚಿಕೊಂಡಳು. ಎರಡನೆಯದು ನೆರೆಮನೆಯ ಶಿವವ್ವನಿಗೆ, ಮೂರನೆಯದು ಗೌಡಸಾನಿಗೆ. ಬುಡದ ವಿಭೂತಿ ಗಂಡನ ಹಣೆಗೆ ಹೋಯಿತು. ಉಳಿದ ಪುಡಿಯನ್ನು ಬಿಡದೆ ಒಣ ಸೆರಗಿನ ತುದಿಯಲ್ಲಿ ತಿಕ್ಕಿ ತೆಗೆದು, ಅಲ್ಲಿಯೇ ಗಂಟು ಹಾಕಿಕೊಂಡಳು. ಸೆರಗಿಗೆ ಕಟ್ಟಿಕೊಂಡ ಕುಂಕುಮವನ್ನು ಒರೆಸಿದ್ದೆನ್ನಲು ಯಾವ ಹಿರಿಯನಿಗೂ ಬಾಯಿ ಬರಲಿಲ್ಲ. ಕೊನೆಗೆ ಗಾಜನ್ನು ಚನಬಸಪ್ಪನ ಮುಂದೆ ಹಿಡಿದಳು.

"ತಗೋರಿ ಮಾವಾರ. ವಿಭೂತಿಗೆ ಒಲ್ಲೆ ಅನಬಾರದ್ರಿ."

ಚನಬಸಪ್ಪ ಸುತ್ತ ನೋಡಿದ. ಅಯ್ಯನವರು ಅವನನ್ನೇ ನೋಡುತ್ತಿದ್ದರು. ಅವನು ಮೂರು ಬೆರಳಿನಿಂದ ಗಾಜನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ಹಣೆಗೆ ಹಚ್ಚಿಕೊಂಡ.

"ಇನ್ನೊಮ್ಮೆ ತಗೋರಿ," ಎಂದಳು ಕಾಶೆವ್ವ, "ಅಂಚಿನ್ಯಾಗ ಇನ್ನೂ ಸ್ವಲ್ಪ ಐತಿ."

ಈಶಪ್ಪ ಸೆಲ್ಲು ತುಂಬಿ ಗುಂಡಿ ಒತ್ತಿದ. ಆಚೆ ದಂಡೆಯ ಹುಣಸೆಮರದಲ್ಲಿ ಮಲಗಿದ್ದ ಬೆಳ್ಳಕ್ಕಿಗಳು ಗದ್ದಲವೆಬ್ಬಿಸಿದವು.

ಆ ವರ್ಷದ ಕಾವಲು ಈಶಪ್ಪನಿಗಾಯಿತು. ಬ್ಯಾಟರಿ ಒರೆಸುವ ಕೆಲಸ ಕಾಶೆವ್ವನಿಗೆ.