ಗೋಡೆಯಾಚೆ ಬಿದ್ದ ಕಣಗಿಲೆ

ಲತೀಫಾ ಎಷ್ಟು ಊದಿದರೂ ಒಲೆ ಹೊತ್ತಿಕೊಳ್ಳಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಮೇಲೆ ದೊಡ್ಡ ಹಂಡೆ ಏರಿಸಿ, ನೀರಿಗೆ ಒಂದು ಹಿಡಿ ಬೋರೆಹಣ್ಣಿನ ಗಿಡದ ಎಲೆ ಹಾಕಿದ್ದಳು. ಅಪ್ಪನ ಕೊನೆಯ ಸ್ನಾನಕ್ಕೆ ಕಾಯಬೇಕಾದ ನೀರು ಅದು. ಹಿಂದಿನ ದಿನದ ಮಳೆಗೆ ಕಟ್ಟಿಗೆಯೆಲ್ಲ ನೆನೆದು, ಬರೀ ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ಬೆಳಗಿನಿಂದ ಅಳದೇ ಇದ್ದವಳ ಕಣ್ಣಲ್ಲಿ ನೀರು ಕಂಡು, ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಯ ತಂಗಿ ಜೈಬುನ್ನೀಸಾಗೆ ಸಮಾಧಾನವಾಯಿತು.

“ಅತ್ತುಬಿಡು ಬೇಟಿ. ಒಳಗ ಇಟ್ಕೋಬ್ಯಾಡ.”

“ಹೊಗಿ, ಖಾಲಾ,” ಎಂದಳು ಲತೀಫಾ.

ಮುಂದಿನ ಅಂಗಳದಿಂದ ಗಂಡಸರ ಮಾತು ಕೇಳಿಸುತ್ತಿತ್ತು. ಮಾನ್ವಿಯಿಂದ ಅವಳ ಗಂಡ ಸೈಫುದ್ದೀನ್ ಬಂದ ಬಸ್ಸಿನಲ್ಲೇ ಅಲ್ಲಿಯ ಪ್ರಾಣೇಶ ಮಾಸ್ತರೂ ಬಂದಿದ್ದರು. ಅವಳ ಅಪ್ಪ ಅಬ್ದುಲ್ ವಹೀದ್‌ನ ಹಳೇ ಗಿರಾಕಿ. ವಹೀದ್ ಮೂವತ್ತು ವರ್ಷ ದೇವದುರ್ಗದ ಈ ಹಿತ್ತಲಲ್ಲಿ ಸಸಿ ಮಾಡಿ, ಸೈಕಲ್ಲಿಗೆ ಕಟ್ಟಿಕೊಂಡು ಜಾಲಹಳ್ಳಿಗೆ, ಸೈಕಲ್ಲನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಮಾನ್ವಿ, ರಾಯಚೂರಿಗೆ ಒಯ್ದು ಮಾರಿದವನು. ಕಾಗದದ ಹೂ, ನಂದಿಬಟ್ಟಲು, ದಾಸವಾಳ, ಗೋರಂಟಿ, ಸದಾಪುಷ್ಪ. ಬಿಸಿಲಿಗೆ ಜಗ್ಗದ, ನೀರಿಗಾಗಿ ಯಾರ ದಾರಿಯನ್ನೂ ಕಾಯದ ಗಿಡಗಳು ಮಾತ್ರ. ಗುಲಾಬಿ ಕೇಳಿದವರಿಗೆ, “ಅದು ಮನಿಗಿ ಬಂದ ಹೊಸಾ ಅಳಿಯ ಇದ್ದಂಗ ರೀ, ದಿನಾ ಉಪಚಾರ ಮಾಡಬೇಕು,” ಎಂದು ಕೈ ಆಡಿಸಿಬಿಡುತ್ತಿದ್ದ.

“ನಮ್ಮ ಸಾಲಿ ಮುಂದ ಎಪ್ಪತ್ತೆಂಟರಾಗ ನಟ್ಟದ್ದು,” ಮಾಸ್ತರು ಹೇಳುತ್ತಿದ್ದರು. “ಮೂರು ತಿಂಗಳು ನೀರು ಹಾಕ್ರಿ, ಆಮ್ಯಾಲ ಮರತುಬಿಡ್ರಿ ಅಂದಿದ್ರು ಸಾಬರು. ನಾವು ಮೊದಲನೇ ದಿನಾನ ಮರತ್ವಿ. ಆದ್ರೂ ನೋಡ್ರಿ, ಕಾಗದದ ಹೂ ಮಾಳಿಗಿ ಏರಿ ಕುಂತದ.”

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಅರ್ಧಕ್ಕೇ ನುಂಗಿಕೊಂಡರು.

“ಆದ್ರ ಕಣಗಿಲಿ ಮಾತ್ರ ಎಷ್ಟು ಕೇಳಿದ್ರೂ ಕೊಡಲಿಲ್ಲ. ಯಾಕಿದ್ದೀತು?”

ಹಿತ್ತಲಲ್ಲಿ ಊದುಗೊಳವೆ ಹಿಡಿದ ಲತೀಫಾಳ ಕೈ ಹಾಗೇ ನಿಂತಿತು.

*

ಎಪ್ಪತ್ಮೂರರ ಮಳೆಗಾಲ. ಲತೀಫಾಗೆ ಹದಿಮೂರು. ಆಗ ಹಿತ್ತಲ ಗೋಡೆಯುದ್ದಕ್ಕೂ ಕಣಗಿಲೆಯ ಬೇಲಿಯಿತ್ತು. ಬಾವಿ ಬತ್ತಿದ ಹಿಂದಿನ ಬೇಸಿಗೆಯಲ್ಲೂ ಅದು ಗೊಂಚಲು ಗೊಂಚಲಾಗಿ ಹೂ ಬಿಟ್ಟಿತ್ತು. ಅಪ್ಪ ಅದನ್ನು ಸವರಿ, ಟೊಂಗೆಗಳನ್ನು ಗುಡ್ಡೆ ಹಾಕಿ, “ಇದು ವಿಷ. ಗುಂಡ್ಯಾಗ ಹಾಕಿ ಮಣ್ಣು ಮುಚ್ಚು,” ಎಂದು ಹೇಳಿ ಸಂತೆಗೆ ಹೋದ. ಗುಂಡಿ ಹಿತ್ತಲ ಆ ತುದಿಯಲ್ಲಿ. ಮಳೆ ಹನಿಯುತ್ತಿತ್ತು, ಓಣಿಯಲ್ಲಿ ಗೆಳತಿಯರು ಕುಂಟಾಬಿಲ್ಲೆಗೆ ಕರೆಯುತ್ತಿದ್ದರು. ಮೂರು ಹೊರೆ ಹಾಕಿದವಳು ನಾಲ್ಕನೆಯದನ್ನು ಗೋಡೆಯಾಚೆ ಎಸೆದು ಓಡಿದಳು.

ಗೋಡೆಯಾಚೆ ಹನುಮಂತನ ದನದ ಕೊಟ್ಟಿಗೆ. ಮೂರನೇ ದಿನ ಅವನ ಎಮ್ಮೆ ಸತ್ತಿತು.

“ಟೊಂಗಿ ಎಲ್ಲಿ ಹಾಕಿದ್ದಿ?” ಅಪ್ಪ ಕೇಳಿದ.

“ಗುಂಡ್ಯಾಗ.”

ಅಪ್ಪ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಹೊರಗೆ ಹೋದ. ಬಾಡಿದ ಟೊಂಗೆಯೊಂದನ್ನು ಕೈಯಲ್ಲಿ ಹಿಡಿದು ಹನುಮಂತ ಓಣಿ ತುಂಬ ಕೂಗಾಡುತ್ತಿದ್ದ. ಅಪ್ಪ ತಲೆ ಬಗ್ಗಿಸಿ ನಿಂತು, “ತಪ್ಪು ನಂದು ಹನುಮಂತ. ಗಿಡ ನಂದು,” ಎಂದಷ್ಟೇ ಹೇಳಿದ. ಅಂದು ಸಂಜೆಯೊಳಗೆ ಇಡೀ ಬೇಲಿಯನ್ನು ಬೇರು ಸಮೇತ ಅಗೆದು ಹಾಕಿದ. ಅಂಗೈ ತುಂಬ ಬೊಕ್ಕೆ ಎದ್ದಿದ್ದವು. ಮತ್ತೆಂದೂ ಕಣಗಿಲೆ ಮುಟ್ಟಲಿಲ್ಲ. ಎರಡೂ ಮನೆಗಳ ನಡುವೆ ಮಾತು ನಿಂತಿತು.

ಲತೀಫಾ ಮದುವೆಯಾಗಿ ಮಾನ್ವಿಗೆ ಹೋದಳು, ಎರಡು ಹಡೆದಳು. ‘ಗುಂಡ್ಯಾಗ’ ಎಂಬ ಆ ಒಂದು ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೆ ಮೂರು ತಿಂಗಳು ಇಲ್ಲೇ ಇದ್ದು ಆರೈಕೆ ಮಾಡುವಾಗ ದಿನವೂ ಹೇಳಬೇಕೆಂದುಕೊಂಡಳು. ಗಂಜಿ ಕುಡಿಸುವಾಗ, ಬೆನ್ನು ಒರೆಸುವಾಗ ಬಾಯಿಯವರೆಗೆ ಬಂದದ್ದು ಹಾಗೇ ಒಳಗೆ ಹೋಗುತ್ತಿತ್ತು. ಇಂದು ಬೆಳಗಿನ ಜಾವ ಅಪ್ಪನ ಉಸಿರು ನಿಂತಿತ್ತು.

*

“ಕಟಿಗಿ ಹಸಿ ಅದಾವ.”

ಲತೀಫಾ ತಿರುಗಿ ನೋಡಿದಳು. ಹಿತ್ತಲ ಬಾಗಿಲಲ್ಲಿ ಹನುಮಂತ, ಎರಡೂ ಕೈಯಲ್ಲಿ ಒಣಗಿದ ಹತ್ತಿಕಟ್ಟಿಗೆಯ ಹೊರೆ ತಬ್ಬಿಕೊಂಡು ನಿಂತಿದ್ದ. ಎಮ್ಮೆ ಸತ್ತ ಮೇಲಿನ ಹದಿಮೂರು ವರ್ಷದಲ್ಲಿ ಅವನು ಈ ಕಡೆ ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಅವನು ಯಾರ ಮುಖವನ್ನೂ ನೋಡದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಟ್ಟಿಗೆ ಮುರಿದು ತುರುಕಿದ. ಬೆಂಕಿ ಭುಗ್ಗೆಂದು ಹತ್ತಿತು. ಖಾಲಾ ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು.

“ಯವ್ವಾ, ನಿಮ್ಮಪ್ಪ ನನಗ ಒಂದು ಕೆಲಸ ಹೇಳಿದ್ದ. ತಿಂಗಳಾತು, ಮಾಡಿಲ್ಲ.”

“ಏನು ಕಾಕಾ?”

“ನೀನು ಔಷಧ ತರಾಕ ರಾಯಚೂರಿಗಿ ಹೋಗಿದ್ದೆಲ್ಲ, ಆವತ್ತು ಬಂದಿದ್ದೆ ನಾನು. ಅವ ಒಬ್ಬನ ಮಲಗಿದ್ದ. ನನ್ನ ಎಮ್ಮಿ ಕಣಗಿಲಿ ತಿಂದು ಸತ್ತಿದ್ದಲ್ಲ ಅಂತ ಹೇಳಿದೆ.” ಅವನು ಒಲೆಯೊಳಗೇ ನೋಡುತ್ತಿದ್ದ. “ಎಮ್ಮಿ ಜಡ್ಡು ಬಿದ್ದ ದಿನಾನ ಅದರ ಮಣಕಾನ, ಬೆಳದ ಕರಾನ, ಜಾಲಹಳ್ಳಿಗಿ ಹೊಡಸಿದ್ದೆ, ನಮ್ಮ ಪಾರ್ವತೆಮ್ಮನ ತವರಮನಿಗಿ. ಎಂಟು ದಿನಕ್ಕ ಅದೂ ಸತ್ತಿತು. ಅಲ್ಲೆಲ್ಲಿ ಬರಬೇಕು ಕಣಗಿಲಿ? ಗಂಟಲಬ್ಯಾನಿ ಅಂದ್ರು ದನದ ಡಾಕ್ಟ್ರು. ನಮ್ಮ ಎಮ್ಮೀದೂ ಗಂಟಲು ಬಾತಿತ್ತು, ನಾನ ನೋಡಿದ್ದೆ. ಟೊಂಗಿ ಬಿದ್ದಲ್ಲೇ ಬಾಡಿದ್ದವು. ಅದು ಬಾಯಿ ಸುದ್ದಾ ಹಾಕಿದ್ದಿಲ್ಲ.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?” ಲತೀಫಾಳ ದನಿ ಏರಿತು.

“ಓಣಿ ಮಂದಿ ಮುಂದ ಬೈದಿದ್ದೆ. ಅವ ಅಷ್ಟೂ ಗಿಡ ಕಿತ್ತು ಒಗದಿದ್ದ. ಆಮ್ಯಾಲ ಯಾವ ಬಾಯಿಲೆ ಹೇಳಲಿ? ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅನ್ನೂದರಾಗ ವರ್ಷ ಕಳದುಹೋದ್ವು.”

ಆ ‘ನಾಳೆ’ ಎಂಥದ್ದೆಂದು ಲತೀಫಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ದನಿ ಇಳಿಯಿತು.

“ನಮ್ಮ ಅಬ್ಬಾ ಏನಂದ್ರು?”

“ನಕ್ಕ. ನಕ್ಕು ನಕ್ಕು ಕೆಮ್ಮು ಬಂತು, ನಾನ ನೀರು ಕುಡಿಸಿದೆ. ಆಮ್ಯಾಲ, ಇದನ್ನ ಲತೀಫಾಗ ಹೇಳು ಅಂದ. ಎರಡು ಸಲ ಅಂದ. ನೀನಾ ಹೇಳೋ ಅಂದ್ರ, ನಾ ಹೇಳಿದ್ರ ಆಕಿಗಿ ನಾಚಿಕಿ ಆಗ್ತದ, ನೀ ಹೇಳು ಅಂದ. ನಿನಗ್ಯಾತರ ನಾಚಿಕಿ ಅಂತ ನನಗ ತಿಳೀಲಿಲ್ಲ.”

ಅಂದು ರಾಯಚೂರಿನಿಂದ ಬಂದಾಗ ಅಪ್ಪ ತಾನಾಗಿ ಕೇಳಿ ಒಂದು ಇಡೀ ರೊಟ್ಟಿ ತಿಂದಿದ್ದ. ಹೊಸ ಔಷಧಿ ನಾಟಿತು ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಪ್ಪನಿಗೆ ಗೊತ್ತಿತ್ತು. ‘ಗುಂಡ್ಯಾಗ’ ಎಂದ ಗಳಿಗೆಯಿಂದಲೇ ಗೊತ್ತಿತ್ತು.

“ಆ ಟೊಂಗಿ ಒಗದಾಕಿ ನಾನು ಕಾಕಾ.”

ಹನುಮಂತ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. “ಈಗ ತಿಳೀತು,” ಎಂದು ಇನ್ನೊಂದು ಕಟ್ಟಿಗೆ ಮುಂದಕ್ಕೆ ತಳ್ಳಿದ. “ಎಂಥಾ ಮನಿಷ್ಯಾ!”

ಲತೀಫಾಗೆ ನಗು ಬಂತು. ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗುವುದನ್ನು ಕಂಡು ಖಾಲಾ ಓಡಿಬಂದು ತಬ್ಬಿಕೊಂಡಳು. ಆ ತೆಕ್ಕೆಯೊಳಗೆ ನಗು ಅಳುವಾಯಿತು. ಹಂಡೆಯ ನೀರು ಮರಳುವವರೆಗೂ ಅವಳು ಅತ್ತಳು.

ಮಧ್ಯಾಹ್ನ ಗಂಡಸರು ಜನಾಜಾ ಎತ್ತಿದರು. ಹನುಮಂತ ಹೆಗಲ ಮೇಲಿನ ರುಮಾಲು ಕೈಯಲ್ಲಿ ಹಿಂಡುತ್ತ ದೂರ ನಿಂತಿದ್ದ. ಸೈಫುದ್ದೀನ್ ಬಾಗಿಲಲ್ಲಿದ್ದ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು.

“ಬರ್ರಿ ಕಾಕಾ,” ಎಂದು ಅವನು ತನ್ನ ಹೆಗಲು ಸರಿಸಿ ಜಾಗ ಕೊಟ್ಟ.

ಅವರು ಓಣಿ ತಿರುಗಿದ ಮೇಲೆ, ಹನುಮಂತನ ಹೆಂಡತಿ ಪಾರ್ವತೆಮ್ಮ ರೊಟ್ಟಿಬುಟ್ಟಿ ಹೊತ್ತುಕೊಂಡು ಮುಂಬಾಗಿಲಿನಿಂದಲೇ ಬಂದಳು. ಯಾರನ್ನೂ ಏನೂ ಕೇಳದೆ ಲತೀಫಾಳ ಮುಂದೆ ತಾಟಿಟ್ಟು, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿದಳು. “ಉಣ್ಣು ಯವ್ವಾ. ಮೂರು ತಿಂಗಳಾತು ನೀ ಕುಂತು ಉಂಡು.”

ಲತೀಫಾ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಎಷ್ಟು ಹಸಿದಿದ್ದೆನೆಂದು ಅವಳಿಗೇ ಆಶ್ಚರ್ಯವಾಯಿತು. ನಾಲ್ಕನೇ ತುತ್ತು ಮುರಿಯುವಾಗ ತಲೆ ಗೋಡೆಗೆ ವಾಲಿತು, ಕಣ್ಣು ತಾವಾಗಿ ಮುಚ್ಚಿಕೊಂಡವು. ಖಾಲಾ ಎಬ್ಬಿಸಲು ಕೈ ಚಾಚಿದಳು.

“ಎಬ್ಬಿಸಬ್ಯಾಡ್ರಿ,” ಎಂದಳು ಪಾರ್ವತೆಮ್ಮ.

ಕಬರಸ್ತಾನದಿಂದ ಮರಳಿದ ಗಂಡಸರು ಅಂಗಳದಲ್ಲಿ ಕಾಲು ತೊಳೆಯುವ ಸದ್ದಾದಾಗಲೂ ಲತೀಫಾ ಹಾಗೇ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮುರಿದ ರೊಟ್ಟಿಯ ಚೂರು ಬೆರಳ ನಡುವೆಯೇ ಇತ್ತು. ಪಾರ್ವತೆಮ್ಮ ಒಂದು ಕೈಯಲ್ಲಿ ಜಾರುತ್ತಿದ್ದ ತಾಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಬೀಸುತ್ತ ನೊಣ ಓಡಿಸುತ್ತಿದ್ದಳು.