ಸದ್ದಿಲ್ಲದ ಕ್ಯಾಮೆರಾ

ರಕ್ಷಾ ಮದುವೆ, ನಾಮಕರಣಗಳ ಫೋಟೊ ತೆಗೆಯುವವಳು. ಅತ್ತಿಗುಪ್ಪೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಅವಳ ಸಣ್ಣ ಸ್ಟುಡಿಯೊ. ಬಲಗೈ ಮಣಿಕಟ್ಟು ನೋಯಲು ಶುರುವಾಗಿ, ಅನ್ನದ ಪಾತ್ರೆ ಇಳಿಸುವುದೂ ಕಷ್ಟವಾದಾಗ ಡಾಕ್ಟರು, "ಕೆಲಸ ಬಿಡಿ, ಇಲ್ಲಾ ಆ ಭಾರ ಬಿಡಿ" ಎಂದಿದ್ದರು. ಕೆಲಸ ಬಿಡುವ ಮಾತೇ ಇರಲಿಲ್ಲ. ಹಳೆಯ ಡಿಎಸ್‌ಎಲ್‌ಆರ್ ಬೀರು ಸೇರಿತು, ಅರ್ಧದಷ್ಟು ಹಗುರವಾದ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಮನೆಗೆ ಬಂತು.

ಮೊದಲ ದಿನ ಅದು ಅವಳಿಗೆ ಹಿಡಿಸಲಿಲ್ಲ. ಹಿಡಿದರೆ ಕಿರುಬೆರಳಿಗೆ ಜಾಗವೇ ಇಲ್ಲ, ಗಾಳಿಯಲ್ಲಿ ತೂಗಾಡುತ್ತದೆ. ಕಿಂಡಿಗೆ ಕಣ್ಣಿಟ್ಟರೆ ಒಳಗೆ ಪುಟ್ಟದೊಂದು ಟಿವಿ. ಹಳೆಯದರಲ್ಲಿ ಕನ್ನಡಿಯ ಮೂಲಕ ಎದುರಿಗಿದ್ದವರನ್ನೇ ನೋಡುತ್ತಿದ್ದೆ, ಇದರಲ್ಲಿ ಅವರ ಚಿತ್ರ ನೋಡಬೇಕು ಎಂದು ಮುನಿಸು ಬಂತು. ಸಂಜೆ ಆರ್‌ಪಿಸಿ ಲೇಔಟಿನ ಪಾರ್ಕಿಗೆ ಒಯ್ದು ಕೂತಳು. ಬೆಳಕಿನ ಗುಂಡಿ ತಿರುಗಿಸಿದಂತೆ ಒಳಗಿನ ಚಿತ್ರವೇ ಮಂಕಾಯಿತು, ಮತ್ತೆ ತಿಳಿಯಾಯಿತು. ಒತ್ತುವ ಮುಂಚೆಯೇ ಫೋಟೊ ಹೇಗೆ ಬರುತ್ತದೆಂದು ಗೊತ್ತಾಗಿಬಿಡುತ್ತಿತ್ತು. ಉಯ್ಯಾಲೆಯ ಮೇಲಿದ್ದ ಹುಡುಗಿಯೊಬ್ಬಳ ಕಣ್ಣಿಗೆ ಫೋಕಸ್ ತೋರಿಸುವ ಪುಟ್ಟ ಹಸಿರು ಚೌಕ ಅಂಟಿಕೊಂಡು, ಅವಳು ಎಷ್ಟು ಜೋರಾಗಿ ಜೀಕಿದರೂ ಬಿಡಲಿಲ್ಲ. ರಕ್ಷಾಳಿಗೆ ನಗು ಬಂತು. ಕತ್ತಲಾಗುವ ಮೊದಲೇ ಬ್ಯಾಟರಿ ಮುಗಿದಾಗ ಮಾತ್ರ ನಗು ನಿಂತಿತು.

ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಅದರ ಮೌನ. ಸೈಲೆಂಟ್ ಮೋಡಿನಲ್ಲಿಟ್ಟರೆ ಒತ್ತಿದ್ದು ಒತ್ತಿದವಳಿಗೇ ತಿಳಿಯದು. ಬಂತೋ ಇಲ್ಲವೋ ಎಂಬ ಅನುಮಾನಕ್ಕೆ ಒಂದನ್ನೇ ಮತ್ತೆ ಮತ್ತೆ ತೆಗೆಯುತ್ತಿದ್ದಳು.

ಹೊಸ ಕ್ಯಾಮೆರಾದ ಮೊದಲ ಕೆಲಸ ಬ್ಯಾಡರಹಳ್ಳಿಯ ಒಂದು ಗೃಹಪ್ರವೇಶ. ಮನೆ ಕಟ್ಟಿಸಿದ ಐಶ್ವರ್ಯ ಬಾಗಿಲಲ್ಲೇ ರಕ್ಷಾಳನ್ನು ಪಕ್ಕಕ್ಕೆ ಕರೆದಳು.

"ನಮ್ಮಮ್ಮಂದು ಒಂದೇ ಒಂದು ಒಳ್ಳೆ ಫೋಟೊ ಇಲ್ಲ. ಕ್ಯಾಮೆರಾ ಕಂಡ್ರೆ ಮೈಯೆಲ್ಲ ಬಿಗಿ ಮಾಡ್ಕೊಂಡ್ಬಿಡ್ತಾರೆ. ಎಲ್ಲಾ ಆಧಾರ್ ಕಾರ್ಡ್ ಥರಾನೇ ಬರತ್ತೆ. ಈಗ ಒಳಗೆ ಲಿಂಗಪೂಜೆಗೆ ಕೂತಿದಾರೆ. ಇದು ಸದ್ದು ಮಾಡಲ್ಲ ಅಂದ್ರಲ್ಲ, ಸುಮ್ನೆ ತೆಗೆದ್ಬಿಡಿ. ಅವ್ರಿಗೆ ಗೊತ್ತೇ ಆಗಲ್ಲ."

ರಕ್ಷಾ ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತಳು. ಐಶ್ವರ್ಯಳ ತಾಯಿ ಶಾಂತವ್ವ ರಾಣೆಬೆನ್ನೂರಿನ ಕಡೆಯವರು, ಮಗಳ ಜೊತೆಗೆ ಇದೇ ಊರಿನಲ್ಲಿ ನೆಲೆಸಿದವರು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಅರೆಮುಚ್ಚಿದ ಕಣ್ಣು. ಕಿಟಕಿಗೆ ಇನ್ನೂ ಪರದೆ ಹಾಕಿರಲಿಲ್ಲವಾದ್ದರಿಂದ ಬೆಳಗಿನ ಬಿಸಿಲು ನೇರವಾಗಿ ಕೆನ್ನೆಯ ಮೇಲೆ ಬಿದ್ದಿತ್ತು. ರಕ್ಷಾ ಒತ್ತಿದಳು. ಇನ್ನೊಮ್ಮೆ, ಮತ್ತೊಮ್ಮೆ. ಮುದುಕಿಯ ರೆಪ್ಪೆಯೂ ಅಲುಗಲಿಲ್ಲ. ಇಂಥ ಫೋಟೊ ತನಗೆ ಎಂದೂ ಸಿಕ್ಕಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಅದರ ಬೆನ್ನಿಗೇ ಒಂದು ಇರುಸುಮುರುಸು. ಇಷ್ಟು ವರ್ಷ ಕ್ಯಾಮೆರಾದ 'ಟಕ್' ಸದ್ದು ತೆಗೆಸಿಕೊಳ್ಳುವವರಿಗೆ ತಾನಾಗಿಯೇ ಸುದ್ದಿ ಮುಟ್ಟಿಸುತ್ತಿತ್ತು. ಬೇಡವೆಂದವರು ಮುಖ ತಿರುಗಿಸುತ್ತಿದ್ದರು, ಬೇಕೆಂದವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಈ ಹೆಂಗಸಿಗೆ ಎರಡಕ್ಕೂ ಅವಕಾಶ ಸಿಗಲಿಲ್ಲ. ರಕ್ಷಾ ಕ್ಯಾಮೆರಾ ಇಳಿಸಿ ಗೋಡೆಗೊರಗಿ ಕಾದಳು.

ಶಾಂತವ್ವ ಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು ಎದ್ದು ಹೊರಬಂದಾಗ ಅವಳು ಎದುರು ನಿಂತಳು.

"ಅಮ್ಮ, ನೀವು ಪೂಜೆ ಮಾಡೋವಾಗ ಫೋಟೊ ತೆಗೆದೆ. ಈ ಕ್ಯಾಮೆರಾ ಸದ್ದು ಮಾಡಲ್ಲ, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಕೇಳಿ ತೆಗೀಬೇಕಿತ್ತು. ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ಶಾಂತವ್ವ ಕೊರಳಿನ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡರು. "ನಮ್ಮ ಐಶ್ವರ್ಯ ಹೇಳಿದ್ಲೇನು?"

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಐಶ್ವರ್ಯ, "ನಾನೇ ಹೇಳಿದ್ದಮ್ಮ. ಕೇಳಿದ್ರೆ ಬ್ಯಾಡ ಅಂತೀಯ ಅಂತ" ಎಂದಳು.

"ಕೇಳಿ ನೋಡಬೇಕಿತ್ತವ್ವ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರಕ್ಷಾಳ ಕಡೆ ತಿರುಗಿ, "ತೋರ್ಸು" ಎಂದರು.

ಮೂವರೂ ಬಾಲ್ಕನಿಗೆ ಬಂದರು, ಅಲ್ಲಿನ ಬಿಸಿಲಿಗೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಏನೂ ಕಾಣಲಿಲ್ಲ. ತೆಗೆದ ಫೋಟೊಗಳನ್ನು ಕಣ್ಣಿಡುವ ಕಿಂಡಿಯಲ್ಲೇ ನೋಡಬಹುದೆಂದು ರಕ್ಷಾಳಿಗೆ ಆಗ ನೆನಪಾಯಿತು. ಕ್ಯಾಮೆರಾದ ಪಟ್ಟಿಯನ್ನು ಅವರ ಕೊರಳಿಗೆ ಹಾಕಿ, ಕನ್ನಡಕ ತೆಗೆಸಿ, ಅವರ ದೃಷ್ಟಿಗೆ ಹೊಂದುವಷ್ಟು ಪಕ್ಕದ ಸಣ್ಣ ಗಾಲಿಯನ್ನು ತಿರುಗಿಸುತ್ತ ಹೋದಳು.

"ಈಗ?"

"ಮಂಜು ಮಂಜು ಐತಿ... ಹಾಂ, ನಿಲ್ಲಿಸು. ಈಗ ಕಾಣ್ತೈತಿ."

ಶಾಂತವ್ವ ಕಣ್ಣನ್ನು ಕಿಂಡಿಗೆ ಇನ್ನಷ್ಟು ಒತ್ತಿಕೊಂಡರು. ಅವರು ಏನು ನೋಡುತ್ತಿದ್ದಾರೆಂದು ಪಕ್ಕದಲ್ಲಿದ್ದ ಇಬ್ಬರಿಗೂ ಕಾಣುವಂತಿರಲಿಲ್ಲ. ಕೆಳಗೆ ಅಡುಗೆಯವರು ಹೋಳಿಗೆಯ ಹಂಚು ಇಡುತ್ತಿದ್ದ ಸದ್ದು ಬರುತ್ತಿತ್ತು.

"ನಮ್ಮವ್ವ ಹಿಂಗ ಕೂಡ್ತಿದ್ಲು" ಎಂದರು ಕೊನೆಗೆ. "ಥೇಟ್ ಹಿಂಗ. ಕುತ್ತಿಗಿ ಒಂದ್ ಕಡಿ ವಾಲಿಸಿಕೊಂಡು. ನಂಗೂ ಆ ರೂಢಿ ಬಂದೈತಿ ಅಂತ ಗೊತ್ತಿರಲಿಲ್ಲ ನೋಡು. ಪೂಜಿ ಮಾಡೋ ಹೊತ್ತಿನಾಗ ತಮ್ಮ ಮುಖ ಯಾರು ನೋಡ್ಕಂತಾರ?"

ಐಶ್ವರ್ಯ ತಾಯಿಯ ತೋಳು ಹಿಡಿದುಕೊಂಡಳು. ಅಜ್ಜಿಯನ್ನು ಅವಳು ಕಂಡಿರಲಿಲ್ಲ, ಅಜ್ಜಿಯದೊಂದು ಫೋಟೊವೂ ಆ ಮನೆಯಲ್ಲಿರಲಿಲ್ಲ.

ಶಾಂತವ್ವ ಒಂದೊಂದನ್ನೇ ಮುಂದಕ್ಕೆ ಸರಿಸುವಂತೆ ಹೇಳಿದರು. "ಇದು ಬ್ಯಾಡ, ಲಿಂಗ ಕಾಣ್ತೈತಿ. ನನ್ನ ಲಿಂಗ ನಂಗಷ್ಟ. ಗ್ವಾಡಿಗೆ ಹಾಕೋದಲ್ಲ ಅದು. ಇದೂ ಬ್ಯಾಡ." ಅವರ ಎದುರಿಗೇ ರಕ್ಷಾ ಅಳಿಸುತ್ತ ಹೋದಳು. ಕೊನೆಗೆ ಉಳಿದದ್ದು ಮುಖ ಮತ್ತು ಹೆಗಲಷ್ಟೇ ಇದ್ದ ಒಂದು ಫೋಟೊ. "ಇದು ಇರಲಿ. ದೊಡ್ಡದು ಮಾಡ್ಸು."

ಆಮೇಲಿನ ಫೋಟೊಗಳಿಗೆ ರಕ್ಷಾ ಮೆನುವಿನಲ್ಲಿ ಹುಡುಕಿ ಸದ್ದನ್ನು ಹಾಕಿಕೊಂಡಳು. ಅದು ಹಳೆಯ ಕ್ಯಾಮೆರಾದ ಸದ್ದಿನಂತಿರಲಿಲ್ಲ, ಬಾಟಲಿ ಮುಚ್ಚಳ ತೆಗೆದ ಹಾಗಿತ್ತು. ಆದರೂ ಜನ ತಿರುಗಿ ನೋಡಿದರು, ಕೂದಲು ಸರಿಮಾಡಿಕೊಂಡರು. ಜಂಗಮರು ಬಂದರು, ಹಾಲು ಉಕ್ಕಿತು. ಆ ಅಯ್ಯನವರ ಪಾದಪೂಜೆಯ ಹೊತ್ತಿಗೆ ಮಾತ್ರ ಅವಳು ಅವರನ್ನು ಕೇಳಿ, ಅವರು ಆಗಲಿ ಎಂದು ತಲೆಯಾಡಿಸಿದ ಮೇಲೆ ಸದ್ದು ನಿಲ್ಲಿಸಿದಳು. ಬೆಳಗಿನಿಂದ ಕ್ಯಾಮೆರಾ ಹಿಡಿದಿದ್ದರೂ ಮಣಿಕಟ್ಟು ನೋಯುತ್ತಿರಲಿಲ್ಲ.

ಊಟದ ಹೊತ್ತಿಗೆ ಶಾಂತವ್ವ ಮೊಮ್ಮಗಳು ಶಿವಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಜಾರದ ಆ ತುದಿಯಿಂದಲೇ ರಕ್ಷಾಳನ್ನು ಕರೆದರು.

"ನಮ್ಮಿಬ್ಬರದೊಂದು ತಗಿ. ಆಮ್ಯಾಲೆ ಆ ಮಿಷನ್ ಒಳಗಿಟ್ಟು ಬಂದು ಉಣ್ಣು. ಹೋಳಿಗಿ ಬಿಸಿ ಅದಾವು."

ರಕ್ಷಾ ಮಂಡಿಯೂರಿ ಕೂತಳು. ಕ್ಯಾಮೆರಾ ನೋಡುತ್ತಲೇ ಶಾಂತವ್ವನ ಮೈ ಎಂದಿನಂತೆ ಬಿಗಿಯಾಯಿತು, ಗಲ್ಲ ಮೇಲಾಯಿತು, ಕೈಗಳು ಮೊಣಕಾಲಿನ ಮೇಲೆ ನೆಟ್ಟಗೆ ಕೂತವು. ಶಿವಾನಿ ಅಜ್ಜಿಯನ್ನು ನೋಡಿ ಕಿಸಕ್ಕನೆ ನಕ್ಕಳು. ರಕ್ಷಾ ಅದನ್ನೂ ಹಾಗೆಯೇ ತೆಗೆದು, ಕೈ ತೊಳೆಯಲು ಎದ್ದಳು.