ಹತ್ತೊಂಬತ್ತು ಸಾಲಿನ ಕಲ್ಲು

ಯ, ರ, ಲ, ವ. ಲ ಆದ ಮೇಲೆ ವ ತಾನೆ? ಇಲ್ಲ, ವ ಆದ ಮೇಲೆ ಲ ಬರುತ್ತದೋ? ಮೊಣಕಾಲುದ್ದದ ಗುಂಡಿಯೊಳಗೆ ಹಾರೆ ಹಿಡಿದು ನಿಂತಿದ್ದ ಲಕ್ಕಣ್ಣನಿಗೆ ಅನುಮಾನ ಬಂದುಬಿಟ್ಟಿತು. ಮೂರನೇ ಕ್ಲಾಸಿನವರೆಗೆ ಶಾಲೆಯ ಜಗಲಿ ಕೆಳಗೆ ಕೂತು ಕಲಿತ ಅಕ್ಷರ ಅವನದು. ಕಿಟಕಿಯಿಂದ ಆಚೆ ಬಿದ್ದಷ್ಟು ಅವನಿಗೆ, ಉಳಿದದ್ದು ಒಳಗಿನವರಿಗೆ. ಆಚೆ ಬೀಳದ ಅಕ್ಷರ ಯಾವುದೋ ಒಂದಿದ್ದು, ತನ್ನ ಹೆಸರು ಅದರಲ್ಲಿ ಸಿಕ್ಕಿಕೊಂಡಿರಬಹುದು.

ಗುಂಡಿಯ ಪಕ್ಕದಲ್ಲಿ ಗೋಣಿಚೀಲ ಹೊದ್ದು ಕಲ್ಲು ಮಲಗಿತ್ತು. ನಾಳೆ ಆಗಸ್ಟ್ ಹದಿನೈದು. ವೀರಭೂಮಿ ಮಾಜಿ ಸೈನಿಕರ ಸಂಘಕ್ಕೆ ಹತ್ತು ವರ್ಷ ತುಂಬಿದ್ದರಿಂದ ಸ್ಥಾಪಕರ ಹೆಸರಿನ ಕಲ್ಲು ನೆಡುವುದು, ತರೀಕೆರೆಯಿಂದ ಅಮಲ್ದಾರರು ಬಂದು ಅದರ ಪರದೆ ಸರಿಸುವುದು ಎಂದಾಗಿತ್ತು. ಗುಂಡಿ ತೋಡಲು ಲಕ್ಕಣ್ಣನಿಗೇ ಹೇಳಿದ್ದರು. ಟ್ರೆಂಚ್ ತೋಡಿದ ಕೈ, ಬೇರೆಯವರು ತೋಡಿದರೆ ಸೊಟ್ಟಗಾದೀತು ಎಂದು ಹೊಗಳಿಯೇ ಹೇಳಿದ್ದರು.

ಗೋಣಿ ಎತ್ತಿ, ಬೆರಳಿಟ್ಟು ಎರಡು ಸಲ ಓದಿದ್ದ. ಒಟ್ಟು ಹತ್ತೊಂಬತ್ತು ಸಾಲು. ಮೇಲೆ ದಪ್ಪಕ್ಷರದಲ್ಲಿ ಅಧ್ಯಕ್ಷ ಬಸವರಾಜಪ್ಪ. ಕೆಳಗೆ ಹದಿನೆಂಟು ಹೆಸರು. ಲಕ್ಕಣ್ಣ ಎಲ್ಲೂ ಇರಲಿಲ್ಲ.

ಎಪ್ಪತ್ತಮೂರರಲ್ಲಿ ಪಿಂಚಣಿ ಹಿಡಿದು ಊರಿಗೆ ಬಂದವನು ಬುಕ್ಕಾಂಬುಧಿ, ಅಂತರಘಟ್ಟೆ, ಅತ್ತ ದೇವನೂರಿನವರೆಗೂ ನಡೆದು, ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ ಇಟ್ಟುಕೊಂಡು ಹೊಲ ಉಳುತ್ತಿದ್ದವರನ್ನೆಲ್ಲ ಹುಡುಕಿ ಅಜ್ಜಂಪುರದ ಸ್ಟೇಷನ್ ಹತ್ತಿರದ ಹೊಂಗೆಮರದ ಕೆಳಗೆ ಕೂಡಿಸಿದವನು ಅವನೇ. ತಾನೂ ಸೇರಿ ಹತ್ತೊಂಬತ್ತು ಜನ. ಅವತ್ತು ಬಸವರಾಜಪ್ಪ ಬಂದಿರಲಿಲ್ಲ. ಏಳು ವರ್ಷ ಪಟಾಲಮಿನ ಕಂಬಳಿ ಉಗ್ರಾಣ ಕಾದು ಬಂದಿದ್ದ ಆತ, ಸಂಘಕ್ಕೆ ಸರ್ಕಾರದ ಜಾಗ ಸಿಗುತ್ತದೆಂದು ತಿಳಿದ ವಾರವೇ ಬಂದು ಅಧ್ಯಕ್ಷನಾದ.

ಸಂಘದಲ್ಲಿ ಜಾತಿ ಇಲ್ಲ. ಬೈಲಾದ ಎರಡನೇ ಕಲಮಿನಲ್ಲೇ ಹಾಗೆಂದು ಬರೆದಿತ್ತು. ಆದ್ದರಿಂದ ಕಿಟಕಿಯ ಸಂದಿಯಲ್ಲಿ ಲಕ್ಕಣ್ಣನಿಗೆ ಬೇರೆ ಲೋಟ ಇಟ್ಟಾಗ ಅದಕ್ಕೆ ‘ಹವಾಲ್ದಾರ್ ಲೋಟ’ ಎಂದು ಹೆಸರಿಟ್ಟರು. ಅಷ್ಟು ಜನರಲ್ಲಿ ಹವಾಲ್ದಾರನಾಗಿದ್ದವನು ಅವನೊಬ್ಬನೇ ಆದದ್ದರಿಂದ ಅದನ್ನು ಗೌರವವೆಂದೇ ತಿಳಿಯಬೇಕಿತ್ತು. ಲಕ್ಕಣ್ಣ ಕೆಲವು ವರ್ಷ ಹಾಗೆಯೇ ತಿಳಿದಿದ್ದ.

ಕೈಯ ಮಣ್ಣು ಒರೆಸಿಕೊಂಡು ಸಂಘದ ಬಾಗಿಲಿಗೆ ಹೋದ. ಒಳಗೆ ಬಸವರಾಜಪ್ಪನೂ ಕಾರ್ಯದರ್ಶಿ ತೀರ್ಥಪ್ಪನೂ ನಾಳೆ ಓದಬೇಕಾದ ಸಂಘದ ಚರಿತ್ರೆಯನ್ನು ತಿದ್ದುತ್ತ ಕೂತಿದ್ದರು. ತೀರ್ಥಪ್ಪ ತಲೆ ಎತ್ತದೆ ವಿವರ ಕೊಟ್ಟ. ಹೆಸರನ್ನು ದರ್ಜೆವಾರು ಹಾಕಿ ಎಂದು ಮೇಲಿನಿಂದ ಕಾಗದ ಬಂದಿದ್ದೇನೋ ನಿಜ. ಆದರೆ ಸ್ವತಂತ್ರ ದೇಶದಲ್ಲಿ ಸೈನಿಕರೊಳಗೆ ಮೇಲು ಕೀಳು ಎಂಥದ್ದು ಎಂದು ಅಧ್ಯಕ್ಷರಿಗೆ ನೋವಾಗಿ, ಅಕಾರಾದಿಯಾಗಲಿ ಎಂದರು. ಕಲ್ಲಿಗೆ ಹಿಡಿಯುವುದು ಹತ್ತೊಂಬತ್ತು ಸಾಲು, ಅಧ್ಯಕ್ಷರದು ಸೇರಿ ಇಪ್ಪತ್ತಾಯಿತು, ಕೊನೆಯ ಹೆಸರು ಕಲ್ಲಿನಿಂದ ಆಚೆ ಹೋಯಿತು. ಯಾರ ತಪ್ಪೂ ಅಲ್ಲ, ಅಕ್ಷರಮಾಲೆಯ ತಪ್ಪು.

“ನಂದು ಕೊನೇದಲ್ವಲ್ಲ ಸ್ವಾಮಿ,” ಎಂದ ಲಕ್ಕಣ್ಣ. “ದೇವನೂರ್ ಸಿದ್ದಪ್ಪ ಅವ್ನೆ, ಬುಕ್ಕಾಂಬುಧಿ ಹಾಲಪ್ಪ ಅವ್ನೆ. ಸ, ಹ ಎಲ್ಡೂ ನನ್ನಿಂದ ಹಿಂದ್ಗಡೆ.”

“ಅವ್ರು ಡಿ. ಸಿದ್ದಪ್ಪ, ಬಿ. ಹಾಲಪ್ಪ ಕಣಯ್ಯ. ಊರಿನ ಇನಿಷಿಯಲ್ ಹಿಡ್ದು ಬರ್ದಿರಾದು,” ಎಂದ ತೀರ್ಥಪ್ಪ.

ಲಕ್ಕಣ್ಣ ಒಂದು ಗಳಿಗೆ ಯೋಚಿಸಿದ. ಅವನ ಮುಖ ಬೆಳಗಿತು. “ಹಂಗಾರೆ ನಾನು ಎ. ಲಕ್ಕಣ್ಣ. ಅಜ್ಜಂಪುರ. ಮೊದಲ್ನೇನಾಗೇ ಬತ್ತೀನಿ.”

ತೀರ್ಥಪ್ಪ ಪೆನ್ನು ಕೆಳಗಿಟ್ಟ. ಬಸವರಾಜಪ್ಪ ಎಲೆಗೆ ಸುಣ್ಣ ಸವರುವುದನ್ನು ಮುಗಿಸಿ, ಮಡಿಸಿ, ಬಾಯಿಗಿಟ್ಟುಕೊಂಡ ಮೇಲೆ ಮಾತಾಡಿದ.

“ಊರ್ ಹೆಸ್ರು ಹಾಕ್ಕಳಾಕೆ ಊರೊಳಗೆ ಇರ್ಬೇಕು ಕಣ್ಲಾ. ನಿಮ್ಮಟ್ಟಿ ಊರಾಚೆ ಐತೆ. ಹಟ್ಟಿಗೆಂಥಾ ಇನಿಷಿಯಲ್ಲೋ, ಬೋಳಿಮಗನೆ.”

ಇಬ್ಬರೂ ನಕ್ಕರು. ನಕ್ಕದ್ದು ಜಾಸ್ತಿಯಾಯಿತೆನಿಸಿ ತೀರ್ಥಪ್ಪ ಸಮಾಧಾನಕ್ಕೆ ಚರಿತ್ರೆಯ ಕೊನೆಯ ಹಾಳೆ ತೆಗೆದು ಓದಿದ: ‘ಸ್ಮಾರಕದ ಗುಂಡಿಯನ್ನು ಶ್ರೀ ಲಕ್ಕನು ತೋಡಿ ಸಹಕರಿಸಿದನು.’ ಶ್ರೀ ಹಾಕಿದ್ದನ್ನು ಬೆರಳಿಟ್ಟು ತೋರಿಸಿದ.

ಲಕ್ಕಣ್ಣ ತಿರುಗಿ ಹೋಗಿ ಗುಂಡಿ ಪೂರ್ತಿ ಮಾಡಿದ. ನಾಲ್ಕು ಮೂಲೆಯೂ ನೂಲು ಹಿಡಿದಂತೆ ಬಂದವು.

ಹಟ್ಟಿಯಲ್ಲಿ ಹೆಂಡತಿ ಓಬಮ್ಮ ರಾಗಿ ಬೀಸುತ್ತ ಎಲ್ಲ ಕೇಳಿಸಿಕೊಂಡಳು. ಗುಂಡಿ ಪೂರ್ತಿ ಮಾಡಿ ಬಂದೆಯಾ ಎಂದಳು. ಹೂಂ ಎಂದ.

“ಆ ಸೂಳೇಮಕ್ಳು ನಿನ್ನನ್ನ ಅದ್ರೊಳಗೇ ಹೂತಿದ್ರೂವೆ, ಮಣ್ಣು ನೀನೇ ಎಳ್ಕಂತಿದ್ದೆ ಬಿಡು.”

ಲಕ್ಕಣ್ಣ ಹಾರೆಯನ್ನು ಮೂಲೆಗೆ ಒರಗಿಸಿದ. ಇದ್ದ ದನಿಯನ್ನೆಲ್ಲ ಬೆಂಗಳೂರಿನ ಪರೇಡ್ ಮೈದಾನದಲ್ಲೇ ಖರ್ಚು ಮಾಡಿ ಬಂದವನು. ಅಲ್ಲಿ ಅವನು ಡ್ರಿಲ್ ಉಸ್ತಾದ್. ಹೊಸದಾಗಿ ಸೇರಿದವರ ಕಾಲಿಗೆ ಎಡ ಬಲ ಕಲಿಸುವುದೇ ಕೆಲಸ. ಬಸವರಾಜಪ್ಪನೂ ಆರು ತಿಂಗಳು ಅವನ ಕೂಗಿಗೆ ಕಾಲು ಎತ್ತಿ ಇಳಿಸಿದ್ದ. ಚರಿತ್ರೆಯಲ್ಲಿ ಅದು ಇರಲಿಲ್ಲ.

ಬೆಳಿಗ್ಗೆ ಅಮಲ್ದಾರರು ಬಂದರು, ಬಾವುಟ ಏರಿತು. ಸ್ಥಾಪಕರು ಪದಕ ಸಿಕ್ಕಿಸಿಕೊಂಡು, ಹೊಟ್ಟೆ ಎಳೆದುಕೊಂಡು, ಕಲ್ಲಿನ ಪಕ್ಕ ಸಾಲಾಗಿ ನಿಂತರು. ತೀರ್ಥಪ್ಪ ಚರಿತ್ರೆ ಓದಿದ. ಅದರ ಪ್ರಕಾರ ಸಂಘ ಹುಟ್ಟಿದ್ದು ಬಸವರಾಜಪ್ಪನವರ ಮನೆಯ ಪಡಸಾಲೆಯಲ್ಲಿ. ಹೊಂಗೆಮರದ ಕೆಳಗೆ ಕೂತಿದ್ದ ಹದಿನೆಂಟು ಮಂದಿಯೂ ಅದನ್ನು ಮೊದಲ ಸಲ ಕೇಳುತ್ತಿದ್ದರು, ಎಲ್ಲರೂ ತಲೆದೂಗಿದರು. ಗುಂಡಿಯ ಸಾಲು ಬಂದಾಗ ಅಮಲ್ದಾರರು ಸಣ್ಣಗೆ ಚಪ್ಪಾಳೆ ತಟ್ಟಿದರು.

ಜನರ ಹಿಂದಿದ್ದ ಲಕ್ಕಣ್ಣ ನಡೆದು ಮುಂದೆ ಬಂದು ಕಲ್ಲಿನೆದುರು ನಿಂತ. ಪರದೆಯ ದಾರವನ್ನು ಅಮಲ್ದಾರರ ಕೈಗೆ ಕೊಡಲು ಹೊರಟಿದ್ದ ಬಸವರಾಜಪ್ಪನಿಗೆ ಗಾಬರಿಯಾಯಿತು. ಹಲ್ಲು ಕಿರಿದು, ತಗ್ಗಿದ ದನಿಯಲ್ಲಿ ರಮಿಸಿದ. “ಸಾವಧಾನ ಲಕ್ಕಣ್ಣ, ಸಾವಧಾನ. ಆಮ್ಯಾಕೆ ಮಾತಾಡನ.”

ಹತ್ತು ವರ್ಷದಲ್ಲಿ ಆ ಬಾಯಿಂದ ‘ಅಣ್ಣ’ ಬಂದದ್ದು ಅದೇ ಮೊದಲು. ಲಕ್ಕಣ್ಣ ಅದನ್ನು ಗಮನಿಸಲಿಲ್ಲ. ಅವನ ಕಿವಿ ಹಿಡಿದದ್ದು ಸಾವಧಾನ ಎಂಬ ಮಾತನ್ನು. ಊರಿನಲ್ಲಿ ಆ ಮಾತಿಗೆ ನಿಧಾನ, ತಾಳ್ಮೆ ಎಂದರ್ಥ. ಪರೇಡ್ ಮೈದಾನದಲ್ಲಿ ಅದು ಬೇರೆ. ಅವನು ಸಾಲಿನ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡ.

“ಪರೇಡ್... ಸಾವ್‌ಧಾನ್.”

ತಲೆ ಬೇಡವೆಂದರೂ ಹಿಮ್ಮಡಿಗಳು ಕೇಳಲಿಲ್ಲ. ಹತ್ತೊಂಬತ್ತು ಜೊತೆ ಹಿಮ್ಮಡಿ ಒಮ್ಮೆಗೇ ಠಪ್ಪೆಂದವು. ಬಸವರಾಜಪ್ಪನ ಕೈ ದಾರದ ಸಮೇತ ತೊಡೆಗೆ ಅಂಟಿತು, ಪರದೆ ಜಾರಿ ಬಿತ್ತು, ಅಮಲ್ದಾರರ ಕೈ ಚಾಚಿದಲ್ಲೇ ಉಳಿಯಿತು. ಇದೂ ಕಾರ್ಯಕ್ರಮದೊಳಗಿನದೇ ಇರಬೇಕೆಂದು ಅವರೂ ನೆಟ್ಟಗೆ ನಿಂತುಕೊಂಡರು.

ಲಕ್ಕಣ್ಣ ತಪಾಸಣೆಗೆ ಹೊರಟವನ ಹಾಗೆ ಸಾಲಿನುದ್ದಕ್ಕೂ ನಡೆದ. ಹಾಲಪ್ಪ ಕಣ್ಣು ತಪ್ಪಿಸಲು ನೋಡಿದ. ಸಾವಧಾನದಲ್ಲಿ ಕಣ್ಣು ಆಡಿಸುವ ಹಾಗಿಲ್ಲ. ಕೊನೆಗೆ ಬಸವರಾಜಪ್ಪನ ಮುಂದೆ ನಿಂತು, ಜೋತುಬಿದ್ದಿದ್ದ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ಸರಿಮಾಡಿದ. ಮುಟ್ಟಿದ್ದನ್ನು ಇಡೀ ಊರು ನೋಡಿತು. ಗದ್ದ ಇಟ್ಟಲ್ಲೇ ನಿಂತಿತು, ಅದರ ಮೇಲೆ ಎಲೆಯಡಿಕೆಯ ರಸ ಇಳಿಯುತ್ತಿತ್ತು.

ಆಮೇಲೆ ಲಕ್ಕಣ್ಣ ಹಟ್ಟಿಯ ದಾರಿ ಹಿಡಿದ. ಬಿಸಿಲು ಏರುತ್ತಿತ್ತು. ವಿಶ್ರಾಮ್ ಎಂದು ಅವನು ಹೇಳಲೇ ಇಲ್ಲ.